ಲೌಂಜಿನ ಬಾಗಿಲಲ್ಲಿ ಮೊಟ್ಟೆ ಪೆಟ್ಟಿಗೆ

ಹೊಂಗನೂರು, ಚನ್ನಪಟ್ಟಣ ತಾಲ್ಲೂಕು
12-6-1995

ಗ್ರಾಹಕ ಸೇವೆ ಅಧಿಕಾರಿಗಳಿಗೆ,
ನೀಲಾಂಬರ ಏರ್‌ವೇಸ್, ದೆಹಲಿ

ಮಾನ್ಯರೇ,

ಹೋದ ತಿಂಗಳ ಕೊನೆಗೆ ಹೈಸ್ಕೂಲು ಮೇಷ್ಟರ ಕೈಲಿ ಇಂಗ್ಲಿಷಿನಲ್ಲಿ ಬರೆಸಿ ಹಾಕಿದ ಕಾಗದಕ್ಕೆ ನಿಮ್ಮಿಂದ ಉತ್ತರ ಬರಲಿಲ್ಲ. ಮೇಷ್ಟರು ಅದರಲ್ಲಿ ಏನು ಬರೆದರೋ ನನಗೆ ಗೊತ್ತಿಲ್ಲ, ಅವರ ಮೇಲೂ ನನಗೆ ಪೂರ್ತಿ ನಂಬಿಕೆ ಇಲ್ಲ. ಅದಕ್ಕೇ ಈಗ ನನಗೆ ಬರುವ ಭಾಷೆಯಲ್ಲಿ ನಾನೇ ಬರೆಯುತ್ತಿದ್ದೇನೆ. ಓದಲು ಬರದಿದ್ದರೆ ಬರುವವರನ್ನು ಹುಡುಕಿಕೊಳ್ಳಿ.

ನಾನು ರೇಷ್ಮೆ ಬೆಳೆಯುವವನು. ನಾವು ಹಿಂದಿನಿಂದ ಬೆಳೆದದ್ದು ಹಳದಿ ಗೂಡು. ಈಗ ಯಾರ ಬಾಯಲ್ಲಿ ಕೇಳಿದರೂ ಬಿಳಿ ಗೂಡಿನದೇ ಮಾತು. ಗೂಡು ಕೊಂಡು ನೂಲು ತೆಗೆಯುವ ರೀಲರುಗಳು ರಾಮನಗರದ ಮಾರ್ಕೆಟ್ಟಿನಲ್ಲಿ ಬಿಳಿ ಗೂಡು ಕಂಡರೆ ಮೇಲೆ ಬಿದ್ದು ಹರಾಜು ಕೂಗುತ್ತಾರೆ. ಅದರ ಮೊಟ್ಟೆ ತರಲು ನಾನು ಡೆಹರಾಡೂನಿಗೆ ಹೋಗಿದ್ದೆ. ಮೊಟ್ಟೆ ಎಂದರೆ ಹಾಳೆಯ ಮೇಲೆ ಗಸಗಸೆಯಷ್ಟು ಅಂಟಿಕೊಂಡಿರುತ್ತವೆ, ಸೆಕೆ ತಗುಲಿದರೆ ಕೆಡುತ್ತವೆ. ಬೇಸಿಗೆಯಲ್ಲಿ ರೈಲಿನ ದಾರಿ ತಡೆಯುವುದಿಲ್ಲವೆಂದು ನಮ್ಮಕ್ಕ ಶಿವಲಿಂಗಮ್ಮ ವಿಮಾನದ ಟಿಕೆಟ್ಟಿಗೆ ದುಡ್ಡು ಕೊಟ್ಟಳು. ರಾಮನಗರದ ಏಜೆಂಟು, “ಒಸಿ ಜಾಸ್ತಿ ಹಾಕಿ ಮೇಲ್ದರ್ಜೆ ಟಿಕೀಟ್ ತಕ್ಕಳಿ, ಕಾಯೋ ಹೊತ್ನಾಗೆ ಲೌಂಜು ಅಂತ ತಂಪು ಕೋಣೆಲಿ ಕೂರುಸ್ತಾರೆ” ಎಂದ. ತಂಪು ನನಗೆ ಬೇಕಿರಲಿಲ್ಲ, ಮೊಟ್ಟೆಗೆ ಬೇಕಿತ್ತು. ಆ ಕೋಣೆಗೋಸ್ಕರವೇ ಆ ಟಿಕೆಟ್ಟು ಕೊಂಡೆ.

ದೆಹಲಿಯಿಂದ ಬೆಂಗಳೂರಿಗೆ ಹೊರಡಬೇಕಿದ್ದ ಮೇ 21ರ ಬೆಳಗಿನ ವಿಮಾನವನ್ನು ನೀವು ರದ್ದು ಮಾಡಿದಿರಿ. ರಾತ್ರಿಯ ವಿಮಾನದಲ್ಲಿ ಸಾಧಾರಣ ಸೀಟು ಕೊಟ್ಟಿರಿ. ಸೀಟು ಸಾಧಾರಣವಾದ ಮೇಲೆ ಲೌಂಜಿನ ಹಕ್ಕೂ ಹೋಯಿತು ಎಂದು ಬಾಗಿಲಲ್ಲಿದ್ದ ಕೋಟಿನವನು ಹೇಳಿದ. ಸೀಟು ಬದಲಾಯಿಸಿದವರು ನೀವು, ಶಿಕ್ಷೆ ನನಗೆ! ಒಂದು ಕೌಂಟರಿನವರು ಇನ್ನೊಂದಕ್ಕೆ ಕಳಿಸಿದರು, ಅಲ್ಲಿನವರು ಊಟಕ್ಕೆ ಎದ್ದು ಹೋದರು. ಗಾಜಿನ ಆಚೆ ಜನ ಕಾಲು ಚಾಚಿಕೊಂಡು ಪೇಪರು ಓದುತ್ತಿದ್ದರು. ಈಚೆ ಜನರ ನೂಕಾಟದಲ್ಲಿ, ಉರಿ ಸೆಕೆಯಲ್ಲಿ ನಾನು ಪೆಟ್ಟಿಗೆಯ ಮೇಲೆ ಒದ್ದೆ ಟವಲು ಹಾಕಿಕೊಂಡು ಕತ್ತಲಾಗುವವರೆಗೆ ಕೂತಿದ್ದೆ.

ಊರಿಗೆ ತಂದ ಮೇಲೆ ಮೊಟ್ಟೆ ಅರೆಬರೆ ಒಡೆದವು. ಎದ್ದ ಮರಿಗಳಲ್ಲೂ ಮುಕ್ಕಾಲು ಪಾಲು ಸತ್ತವು. ಈಗ ಅಕ್ಕ ನನ್ನನ್ನು ಹುಳುಮನೆಗೆ ಸೇರಿಸುತ್ತಿಲ್ಲ. ನಾನು ಒಳ್ಳೆ ಮೊಟ್ಟೆಯನ್ನು ದಾರಿಯಲ್ಲಿ ಯಾರಿಗೋ ಮಾರಿಕೊಂಡು, ಕೆಲಸಕ್ಕೆ ಬಾರದ ಹಾಳೆ ತಂದೆನಂತೆ! ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದ ಅಕ್ಕ ಬೀದಿಯವರ ಎದುರಿಗೆ ಹೇಳುತ್ತಾಳೆ, “ಟಿಕೀಟು ಇದ್ದೋನ್ನ ಯಾರ್ಲಾ ಆಚೆ ಕೂರುಸ್ತಾರೆ? ಬಸ್ನಾಗೂ ಹಂಗ್ ಮಾಡಕಿಲ್ಲ.”

ನನಗೆ ನಿಮ್ಮ ಪರಿಹಾರ ಬೇಡ. ತಪ್ಪು ನಮ್ಮದು ಎಂದು ಸಹಿ ಹಾಕಿ ಬರೆದುಕೊಡಿ. ಅದನ್ನು ಅಕ್ಕನಿಗೆ ಓದಿ ಹೇಳಬೇಕು.

ರಾಮಲಿಂಗಯ್ಯ

*

ನೀಲಾಂಬರ ಏರ್‌ವೇಸ್
ಗ್ರಾಹಕ ಸೇವಾ ವಿಭಾಗ, ದೆಹಲಿ
30-6-1995

ಶ್ರೀ ರಾಮಲಿಂಗಯ್ಯನವರಿಗೆ,

ತಮ್ಮ ಪತ್ರ ತಲುಪಿದೆ. ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ.

ಲೌಂಜ್ ಪ್ರವೇಶವು ಪ್ರಯಾಣಿಕರು ಪ್ರಯಾಣ ಮಾಡುವ ದರ್ಜೆಯನ್ನು ಅವಲಂಬಿಸಿರುತ್ತದೆಯೇ ಹೊರತು ಟಿಕೆಟ್ ಕೊಂಡ ದರ್ಜೆಯನ್ನಲ್ಲ. ತಮ್ಮ ಸಾಮಾನಿನೊಳಗಿನ ಜೀವಂತ ವಸ್ತುಗಳ ಹೊಣೆ ಕಂಪನಿಯದಲ್ಲ. ತಪ್ಪು ಒಪ್ಪಿಕೊಳ್ಳುವ ಪತ್ರ ನೀಡಲು ನಿಯಮದಲ್ಲಿ ಅವಕಾಶವಿಲ್ಲ.

ಅಂದು ಬಾಗಿಲಲ್ಲಿದ್ದ ಸಿಬ್ಬಂದಿ ತಮಗೆ ಕೈಲಾದ ಸಹಾಯ ಮಾಡಲು ಮುಂದಾಗಿದ್ದರೆಂದು ತಿಳಿದುಬಂದಿದೆ. ತಮ್ಮ ಪತ್ರದಲ್ಲಿ ಈ ವಿಷಯ ಕಾಣುವುದಿಲ್ಲ.

ಸೌಹಾರ್ದದ ಗುರುತಾಗಿ ದೆಹಲಿಯ ನಮ್ಮ ಲೌಂಜಿಗೆ ಒಂದು ದಿನದ ಉಚಿತ ಪ್ರವೇಶದ ಕೂಪನ್ ಲಗತ್ತಿಸಿದೆ. ಆಗಸ್ಟ್ ಕೊನೆಯವರೆಗೆ ಮಾನ್ಯ.

ತಮ್ಮ ವಿಶ್ವಾಸಿ,
ಎಂ. ಆರ್.

*

ಹೊಂಗನೂರು
9-7-1995

ಎಂ. ಆರ್. ಎನ್ನುವವರಿಗೆ,

ದೆಹಲಿಯಲ್ಲಿ ಕೂತು ಇಷ್ಟು ಚೊಕ್ಕ ಕನ್ನಡ ಬರೆಯುವ ನೀವು ಯಾರು? ಪೂರ್ತಿ ಹೆಸರು ಬರೆಯಲು ಏನು ಕಷ್ಟ? ಬಾಗಿಲಲ್ಲಿದ್ದವನಿಗೂ ನಿಮಗೂ ಏನಾದರೂ ಸಂಬಂಧ ಇದೆಯೇ? ಅವನು ಮುಂದಾದನಂತೆ, ಸಹಾಯವಂತೆ! ಅದನ್ನು ನಿಮಗೆ ಹೇಳಿದವರು ಯಾರು?

ನಿಮ್ಮ ಕೂಪನ್ನಿನಿಂದ ನನ್ನ ಮನೆ ಹಾಳಾಯಿತು. ದೆಹಲಿಯ ಕೋಣೆಯಲ್ಲಿ ಕೂರಲು ನಾನು ಹೊಂಗನೂರಿನಿಂದ ಬರಬೇಕೇ? ಪೋಸ್ಟಿನವನು ಲಕೋಟೆಯನ್ನು ಅಕ್ಕನ ಜಗಲಿಯ ಹತ್ತಿರವೇ ಕೊಟ್ಟ. ಬಿಚ್ಚುವಾಗ ಆ ಬಣ್ಣದ ಚೀಟಿ ಅವಳ ಕಾಲ ಬುಡಕ್ಕೇ ಬಿತ್ತು. ಏನೆಂದು ಕೇಳಿದಳು, ಹೇಳಿದೆ. “ನಷ್ಟ ಆದೋರ್ಗೆ ಯಾರಾದ್ರೂ ಉಡುಗೊರೆ ಕಳುಸ್ತಾರಾ? ನೀನು ಮೊಟ್ಟೆ ಮಾರ್ಕಂಡಿದ್ದು ಇವ್ರಿಗೇ ಕಣ್ಲಾ. ಬಾಯ್ ಮುಚ್ಕಂಡಿರ್ಲಿ ಅಂತ ಕಳ್ಸವ್ರೆ” ಎಂದು ಒಳಗೆ ಹೋದಳು.

ಇನ್ನೊಂದು ಕೇಳಿ. ಬದುಕಿ ಉಳಿದ ಹಿಡಿಯಷ್ಟು ಹುಳು ಅಕ್ಕನ ಮನೆಯಲ್ಲಿ ಗೂಡು ಕಟ್ಟಿವೆ. ಬಿಳಿ ಗೂಡು! ನಾನು ಮೊಟ್ಟೆ ಬದಲಾಯಿಸಿದ್ದರೆ ಹಳದಿ ಗೂಡು ಬರಬೇಕಿತ್ತು ತಾನೆ? ಇನ್ನು ನನ್ನ ಕಳಂಕ ಕಳೆಯಿತು ಎಂದು ಓಡಿ ಹೋದೆ. ಅಕ್ಕ ಬಾಗಿಲು ತೆಗೆಯದೆ ಕಿಟಕಿಯಿಂದಲೇ, “ಒಂದೆರ್ಡು ಹಾಳೆ ಒಳ್ಳೇದು ಮ್ಯಾಲಿಟ್ಟು ಕೆಳಗೆಲ್ಲ ಕಸ ತುಂಬ್ಕಂಡ್ ಬಂದೆ. ನಂಗೊತ್ತಿಲ್ವಾ ಟೊಮೇಟೊ ಮಾರೋರ ಆಟ?” ಎಂದಳು.

ನಾನು ಕೇಳಿದ ಕಾಗದ ಕಳಿಸಿ. ಕೂಪನ್ನು ವಾಪಸು ಇಟ್ಟಿದ್ದೇನೆ.

ರಾಮಲಿಂಗಯ್ಯ

*

ದೆಹಲಿ
22-7-1995

ರಾಮಲಿಂಗಯ್ಯನವರೇ,

ಇದು ಕಂಪನಿಯ ಕಾಗದವಲ್ಲ, ನನ್ನ ಸ್ವಂತದ್ದು. ನಿಮ್ಮ ಅನುಮಾನ ಸರಿ. ಎಂ. ಆರ್. ಎಂದರೆ ಮುನಾವರ್, ರಸೂಲರ ಮಗ. ಅಂದು ಕೋಟು ಹಾಕಿಕೊಂಡು ಬಾಗಿಲಲ್ಲಿದ್ದವನು ನಾನೇ. ನಿಮ್ಮ ದೂರು ಇಲ್ಲಿ ಯಾರಿಗೂ ಓದಲು ಬರದೆ ಮೇಜಿನಿಂದ ಮೇಜಿಗೆ ಅಲೆದು ಕಡೆಗೆ ನನ್ನ ಕೈಗೆ ಬಂತು. ನನ್ನ ಮೇಲಿನ ದೂರಿಗೆ ನಾನೇ ಉತ್ತರ ಬರೆಯಬೇಕಾಯಿತು.

ಅಂದು ನೀವು ಟವಲು ನೆನೆಸಲು ನಲ್ಲಿಗೂ ಬೆಂಚಿಗೂ ಓಡಾಡುತ್ತಿದ್ದಿರಿ. ನಾನು ಹತ್ತಿರ ಬಂದು ನಮ್ಮ ಮಾತಿನಲ್ಲೇ, “ಯಜಮಾನ್ರೇ, ಮೊಟ್ಟೆ ಹಾಳೆ ತಾನೆ ಇರೋದು? ನಿಮ್ಮನ್ನ ಒಳೀಕೆ ಬುಡಕಾಗಕಿಲ್ಲ, ಪೆಟ್ಗೆ ಕೊಡಿ. ಹಣ್ಣಿಡೋ ತಂಪು ಕೋಣೆ ಐತೆ, ಅಲ್ಲಿ ಸಿಗರೇಟಿಲ್ಲ, ಸೆಂಟಿನ ವಾಸ್ನೆ ಇಲ್ಲ. ಗಾಜಿನಾಚೆಯಿಂದ ನಿಮ್ಗೆ ಕಾಣೋ ಹಂಗೆ ಇಡ್ತೀನಿ” ಎಂದೆ. ನಿಮ್ಮ ಮುಖ ಅರಳಿತು. ಪೆಟ್ಟಿಗೆಯನ್ನು ಮುಂದಕ್ಕೆ ನೀಡಿಯೂ ಇದ್ದಿರಿ. ಆಮೇಲೆ ಯಾವೂರು ಎಂದು ಕೇಳಿದಿರಿ. ರಾಮನಗರ, ನಮ್ಮ ತಂದೆ ರೀಲರು ಎಂದೆ. ಪೆಟ್ಟಿಗೆ ವಾಪಸು ನಿಮ್ಮ ಎದೆಗೆ ಹೋಯಿತು. “ಬ್ಯಾಡ ಬುಡಪ್ಪ” ಎಂದು ದೂರದ ಕಂಬದ ಹಿಂದೆ ಹೋಗಿ ಕೂತಿರಿ. ಮತ್ತೆ ಬಂದು ಕೇಳಿದರೆ ನಿದ್ದೆ ಬಂದವರಂತೆ ಕಣ್ಣು ಮುಚ್ಚಿದಿರಿ.

ಪ್ರಯಾಣಿಕರ ಪೆಟ್ಟಿಗೆಯನ್ನು ಹಾಗೆ ಒಳಗಿಡುವುದು ನಿಯಮಕ್ಕೆ ವಿರುದ್ಧ. ಅದಕ್ಕೇ ಕಂಪನಿಯ ಪತ್ರದಲ್ಲಿ ಸಹಾಯ ಎಂದಷ್ಟೇ ಬರೆದು ಸುಮ್ಮನಾದೆ. ನೀವು ನಿಮ್ಮ ಅಕ್ಕನಿಗೆ ಬಾಗಿಲು ಮುಚ್ಚಿತ್ತು ಎಂದಷ್ಟೇ ಹೇಳಿ ಸುಮ್ಮನಾಗಿದ್ದೀರಿ. ನನಗೆ ಒಂದೇ ಒಂದು ತಿಳಿಯಬೇಕು. ನಾನು ಏನು ಮಾಡಿಬಿಡುತ್ತೇನೆ ಎಂದು ಹೆದರಿದಿರಿ?

ಮುನಾವರ್

*

ಹೊಂಗನೂರು
31-7-1995

ಮುನಾವರ್ ಅವರಿಗೆ,

ಕೇಳಿದ್ದೀರಿ, ಹೇಳುತ್ತೇನೆ. ಬಿಳಿ ಗೂಡು ಹೊಂಗನೂರಿಗೆ ಬರುತ್ತಿದೆ ಎಂದು ನೀವು ನಿಮ್ಮ ತಂದೆಗೆ ಒಂದು ಫೋನು ಹಾಕಿದರೆ ಸಾಕು. ರೀಲರುಗಳೆಲ್ಲ ಬೆಲೆ ಇಳಿಸಲು ಒಂದಾಗಿ, ನಮ್ಮ ಗೂಡು ಹರಾಜಿಗೆ ಬಂದಾಗ ಬಾಯಿ ಬಿಡದೆ ನಿಲ್ಲುತ್ತಾರೆ. ಯುಗಾದಿ ಬೆಳೆಗೆ ನನಗೆ ಹಾಗೇ ಮಾಡಿದರು. ಒಬ್ಬೊಬ್ಬನೂ ಒಂದೊಂದು ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಮುಖ ಸಿಂಡರಿಸಿಕೊಂಡು ಮುಂದೆ ಹೋದ. ಅಂಥವರ ಮನೆಯ ಮಗ ದೆಹಲಿಯಲ್ಲಿ ಕಾದುಕೊಂಡು ನಿಂತು ನನ್ನ ಪೆಟ್ಟಿಗೆ ಕೇಳುತ್ತಾನೆ ಎಂದರೆ ಯಾರಿಗೆ ಅನುಮಾನ ಬರುವುದಿಲ್ಲ? ಒಳಗಿಟ್ಟು ಹಾಳೆ ಬದಲಾಯಿಸಿದರೆ ಗಾಜಿನಾಚೆಯಿಂದ ನನಗೇನು ಕಾಣುತ್ತಿತ್ತು? ನಾವು ಹುಳುಮನೆಗೆ ಪಕ್ಕದ ಮನೆಯವರನ್ನೂ ಬಿಡುವವರಲ್ಲ. ಕಣ್ಣು ಬೀಳುತ್ತದೆ, ರೋಗ ಅಂಟುತ್ತದೆ. ಮೊಟ್ಟೆಯನ್ನು ನಿಮ್ಮ ಕೈಗೆ ಹೇಗೆ ಕೊಡಲಿ?

ಪೆಟ್ಟಿಗೆ ಕೊಟ್ಟಿದ್ದರೆ ಮೊಟ್ಟೆ ಉಳಿಯುತ್ತಿತ್ತೋ ಏನೋ. ಆದರೆ ಇದು ಅಕ್ಕನಿಗೆ ತಿಳಿಯಬಾರದು. ಕಳ್ಳ ಎಂದರೆ ಅಲ್ಲವೆಂದು ಜಗಳವಾಡಬಹುದು. ಕೈಗೆ ಬಂದ ತಂಪನ್ನು ನಾನೇ ಬೇಡವೆಂದೆ ಎಂದರೆ ಯಾವ ಬಾಯಲ್ಲಿ ಜಗಳವಾಡಲಿ?

ಅಕ್ಕನ ಮನೆಗೆ ಈ ವಾರ ಮತ್ತೆ ಎಳೆ ಹುಳು ಬಂದಿವೆ, ನಮ್ಮ ಹಳೆಯ ಹಳದಿ ಗೂಡಿನವು. ಭಾವ ತೀರಿಕೊಂಡಾಗಿನಿಂದ ಆ ಮನೆಯಲ್ಲಿ ಎಳೆ ಹುಳು ನೋಡಿಕೊಂಡು ಬಂದವನು ನಾನು. ಈ ಸಲ ಕೂಲಿಗೆ ಬೇರೆಯವರನ್ನು ಕರೆದಿದ್ದಾಳೆ. ನಾನು ಬೀದಿಯಲ್ಲಿ ನಿಂತು ಒಳಗೆ ಸೊಪ್ಪು ಹೆಚ್ಚುವ ಸದ್ದು ಕೇಳುತ್ತೇನೆ. ಅವರು ದಪ್ಪ ಹೆಚ್ಚುತ್ತಿದ್ದಾರೆ, ಎಳೆ ಹುಳು ಅದನ್ನು ತಿನ್ನುವುದಿಲ್ಲ. ಹೇಳೋಣವೆಂದರೆ ಬಾಗಿಲು ಹಾಕಿದೆ.

ನಿಮ್ಮ ಕಂಪನಿಯ ಕಾಗದದಲ್ಲಿ, ನಾವು ಪೆಟ್ಟಿಗೆ ಇಡಲೂ ಒಪ್ಪಲಿಲ್ಲ, ತಪ್ಪು ನಮ್ಮದು ಎಂದು ಬರೆದುಕೊಡಿ. ಕೇಳಲು ನಾಚಿಕೆಯಾಗುತ್ತದೆ. ಆದರೂ ಕೇಳುತ್ತಿದ್ದೇನೆ. ಬರೆದುಕೊಟ್ಟರೆ ಅದರಲ್ಲಿ ನಿಮಗೇನು ಲಾಭ ಎಂದು ಆಮೇಲೆ ನನಗೆ ಅನುಮಾನ ಬಂದೀತು, ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ.

ರಾಮಲಿಂಗಯ್ಯ

*

ನೀಲಾಂಬರ ಏರ್‌ವೇಸ್
ಗ್ರಾಹಕ ಸೇವಾ ವಿಭಾಗ, ದೆಹಲಿ
14-8-1995

ಶ್ರೀ ರಾಮಲಿಂಗಯ್ಯನವರಿಗೆ,

ಮೇ 21ರಂದು ತಮ್ಮ ವಿಮಾನವನ್ನು ರದ್ದು ಮಾಡಿ, ತಾವು ಹಣ ಕೊಟ್ಟು ಪಡೆದಿದ್ದ ಲೌಂಜಿನ ಹಕ್ಕನ್ನು ನಮ್ಮ ಸಿಬ್ಬಂದಿ ನಿರಾಕರಿಸಿದ್ದು ತಪ್ಪು. ರೇಷ್ಮೆ ಮೊಟ್ಟೆಯ ಪೆಟ್ಟಿಗೆಯನ್ನಾದರೂ ಒಳಗಿಡಿ ಎಂದು ತಾವು ಕೇಳಿಕೊಂಡರೂ ಸಿಬ್ಬಂದಿ ಒಪ್ಪಲಿಲ್ಲ. ಮೊಟ್ಟೆ ಕೆಟ್ಟಿದ್ದಕ್ಕೆ ಕಂಪನಿಯೇ ಹೊಣೆ.

ಮುನಾವರ್
ಗ್ರಾಹಕ ಸೇವಾ ಸಹಾಯಕ

(ರಾಮಲಿಂಗಯ್ಯನವರೇ, ಇದರಲ್ಲಿ ನನಗೇನೂ ಲಾಭವಿಲ್ಲ. ಬೀದಿಯಲ್ಲಿ ನಿಂತು ಸೊಪ್ಪು ಹೆಚ್ಚುವ ಸದ್ದು ಕೇಳುತ್ತೇನೆ ಎಂದು ಬರೆದಿರಲ್ಲ, ಅದನ್ನು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಈ ಚೀಟಿಯನ್ನು ಹರಿದುಹಾಕಿ.)

*

ಹೊಂಗನೂರು
28-8-1995

ಮುನಾವರ್ ಅವರಿಗೆ,

ನಿಮ್ಮ ಕಾಗದವನ್ನು ಅಕ್ಕನ ಜಗಲಿಯ ಮೇಲೆ ನಿಂತು ಗಟ್ಟಿಯಾಗಿ ಓದಿದೆ. ಇನ್ನೊಂದು ಸಲ ಓದು ಎಂದಳು, ಓದಿದೆ. ಆಮೇಲೆ ಕೇಳಿದಳು, “ಎಷ್ಟು ಕೊಟ್ಟು ಬರುಸ್ದೆ?”

ನಾನು ಸಹಿ ತೋರಿಸಿದೆ. “ತಪ್ಪು ನಮ್ದೇ ಅಂತ ಯಾವ ಕಂಪ್ನಿಯೋನ್ಲಾ ಬರ್ಕೊಡ್ತಾನೆ? ಕರೆಂಟ್ನೋರು ಬರ್ಕೊಟ್ಟವ್ರಾ? ಬಸ್ನೋರು ಬರ್ಕೊಟ್ಟವ್ರಾ? ಮೊದ್ಲು ಬಂತಲ್ಲ, ಹೊಣೆ ನಮ್ದಲ್ಲ ಅಂತ, ಅದು ದಿಟವಾದ್ ಕಂಪ್ನಿ ಕಾಗ್ದ. ಇದು ನೀನ್ ಬರ್ಸಿದ್ದು” ಎಂದು ನನ್ನ ಕೈಯಿಂದ ಕಾಗದ ಕಿತ್ತುಕೊಂಡಳು. ಅದನ್ನು ಮೇಷ್ಟರ ಹತ್ತಿರ ಒಯ್ದು, ಈ ಸಹಿ ನಿಮ್ಮವರದೇ ಹೌದೋ ಅಲ್ಲವೋ ಎಂದು ಬರೆಸಿ ನಿಮ್ಮ ಮುಂಬಯಿಯ ಹೆಡ್ಡಾಫೀಸಿಗೆ ಹಾಕಿಸಿದ್ದಾಳೆ. ಬಿಡಿ, ನಿಮ್ಮ ಕಂಪನಿಯವರು ಯಾವ ಕಾಗದಕ್ಕೆ ಬೇಗ ಉತ್ತರ ಬರೆದಿದ್ದಾರೆ?

ಮೇಷ್ಟರ ಮನೆಯಿಂದ ವಾಪಸು ಬಂದವಳ ಮುಖ ನೋಡಿ ನನಗೆ ಸಿಟ್ಟು ನೆತ್ತಿಗೇರಿತು. ನಡುಬೀದಿಯಲ್ಲಿ ನಿಂತು ಇದ್ದದ್ದನ್ನು ಇದ್ದ ಹಾಗೆ ಕೂಗಿಬಿಟ್ಟೆ. ನೀವು ಪೆಟ್ಟಿಗೆ ಕೇಳಿದ್ದು, ನಾನು ನೀಡಿದ್ದು, ಯಾವೂರು ಎಂದಿದ್ದು, ಕಂಬದ ಹಿಂದೆ ಹೋಗಿ ಕೂತದ್ದು, ಎಲ್ಲ. ಇನ್ನು ಈ ಜನ್ಮದಲ್ಲಿ ಅವಳು ನನ್ನ ಮುಖ ನೋಡುವುದಿಲ್ಲ ಎಂದುಕೊಂಡೆ.

ಅಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. “ರೀಲರ್ ಮಗ ಅಂದೇಟ್ಗೆ ಪೆಟ್ಗೆ ಎಳ್ಕಂಡ್ಯಾ?” ಎಂದಳು. ಹೂಂ ಎಂದೆ. “ನಿದ್ದೆ ಬಂದೋನಂಗೆ ಕಣ್ ಮುಚ್ಕಂಡ್ಯಾ?” ಹೂಂ ಎಂದೆ. “ಹಂಗಾರೆ ಇದು ದಿಟ ಕಣ್ಲಾ. ಇದು ನಿನ್ನಂಗೇ ಐತೆ. ನಾನಾಗಿದ್ರೂ ಕೊಡ್ತಿರ್ನಿಲ್ಲ” ಎಂದು ನಗಲು ಶುರು ಮಾಡಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗಿ, ಕಾಲು ತೊಳೆಯಲು ನನಗೆ ಒಂದು ಚೊಂಬು ನೀರು ತಂದುಕೊಟ್ಟಳು. ಹುಳುಮನೆಯ ಬಾಗಿಲು ತೆಗೆದಳು. ಅಳು ಬಂತು, ಮುನಾವರ್. ಅವಳಿಗೆ ಕಾಣದ ಹಾಗೆ ಸೊಪ್ಪಿನ ಬುಟ್ಟಿ ಎತ್ತಿಕೊಂಡೆ.

ಸಂಜೆ ಊಟಕ್ಕೆ ಕೂತಾಗ ಮಾತ್ರ ಮತ್ತೆ ತೆಗೆದಳು, “ಆದ್ರೂ ಅವ್ನು ಸುಮ್ಸುಮ್ನೆ ಯಾಕ್ಲಾ ಪೆಟ್ಗೆ ಕೇಳ್ದ?” ಎಂದು. ಅದನ್ನು ನೀವೇ ಹೇಳಬೇಕು.

ರಾಮಲಿಂಗಯ್ಯ

*

ದೆಹಲಿ
19-9-1995

ರಾಮಲಿಂಗಯ್ಯನವರೇ,

ನಿಮ್ಮ ದೂರನ್ನು ವಾರಗಟ್ಟಲೆ ಮುಟ್ಟದ ಕಂಪನಿ ನಿಮ್ಮ ಅಕ್ಕನವರ ಕಾಗದಕ್ಕೆ ತಕ್ಷಣ ಎಚ್ಚೆತ್ತಿತು. ಮುಂಬಯಿಯಿಂದ ಇಬ್ಬರು ಬಂದರು. ನನ್ನ ಸಹಿ ತೋರಿಸಿ, ಇದು ನಿನ್ನದೇ ಎಂದು ಕೇಳಿದರು. ಹೌದು ಎಂದೆ. ಪ್ರಯಾಣಿಕನಿಂದ ಏನು ತೆಗೆದುಕೊಂಡು ಬರೆದುಕೊಟ್ಟೆ ಎಂದು ಕೇಳಿದರು. ಏನೂ ಇಲ್ಲ ಎಂದರೆ ನಗುತ್ತಾರೆ. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಎಂದಿದ್ದಾರೆ. ಮುಗಿದ ಮೇಲೂ ಕರೆಯುವುದಿಲ್ಲ ಎಂದು ಜೊತೆಯವರು ಹೇಳುತ್ತಾರೆ.

ನಿಮ್ಮ ಮನೆಯವರೆಲ್ಲ ಸೇರಿ ನನ್ನನ್ನು ಸಿಕ್ಕಿಸಿದಿರೋ ಎಂದು ನನಗೂ ಅನುಮಾನ ಬಂದಿತ್ತು. ನಿಮ್ಮ ಹಳೆಯ ಕಾಗದಗಳನ್ನು ತೆಗೆದು ಓದಿಕೊಂಡೆ. ಅಷ್ಟು ಜಾಣತನ ನಿಮ್ಮಲ್ಲಿ ಕಾಣಲಿಲ್ಲ. ಬೇಸರದಲ್ಲಿ ಬರೆಯುತ್ತಿದ್ದೇನೆ, ಕ್ಷಮಿಸಿ.

ನಮ್ಮ ತಂದೆಗೆ ಇನ್ನೂ ಹೇಳಿಲ್ಲ, ಕಾರ್ತಿಕದ ಹೊತ್ತಿಗೆ ಊರಿಗೆ ಬಂದು ನಾನೇ ಹೇಳುತ್ತೇನೆ. ಮಾರ್ಕೆಟ್ಟಿನಲ್ಲಿ ದಯವಿಟ್ಟು ಬಾಯಿ ಬಿಡಬೇಡಿ.

ನಾನು ಯಾಕೆ ಪೆಟ್ಟಿಗೆ ಕೇಳಿದೆ ಎಂದು ಅಕ್ಕ ಕೇಳಿದರಲ್ಲ. ಸೆಕೆಗೆ ಮೊಟ್ಟೆ ಕೆಡುತ್ತಿತ್ತು, ಅದಕ್ಕೆ ಕೇಳಿದೆ.

ಮುನಾವರ್

*

ಹೊಂಗನೂರು
4-10-1995

ಮುನಾವರ್ ಅವರಿಗೆ,

ನಿಮ್ಮ ಕಾಗದವನ್ನು ಅಕ್ಕನಿಗೆ ಓದಿದೆ. ಕೊನೆಯ ಸಾಲು ಓದಿದ ಮೇಲೆ ಅವಳು ಉಣ್ಣದೆ ಎದ್ದು ಹೋದಳು. ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಮೊದಲನೇ ಬಸ್ಸಿಗೆ ಹೊರಟುಹೋಗಿದ್ದಳು. ಎಲ್ಲಿಗೆ ಹೋದಳೆಂದು ನನಗೆ ಗೊತ್ತಾಯಿತು. ಮುಂದಿನ ಬಸ್ಸು ಹಿಡಿದು ಓಡಿದೆ. ತಡೆಯಲಾಗಲಿಲ್ಲ, ಅದಕ್ಕೆ ನನ್ನನ್ನು ಬೈಯಿರಿ.

ರಾಮನಗರದ ಮಾರ್ಕೆಟ್ಟಿನ ಗಲಾಟೆಯ ಮಧ್ಯೆ ಅಕ್ಕ ನಿಮ್ಮ ತಂದೆ ರಸೂಲ್ ಸಾಹೇಬರನ್ನು ಹುಡುಕಿ, ಎದುರಿಗೆ ನಿಂತು ಎಲ್ಲ ಹೇಳಿಬಿಟ್ಟಿದ್ದಳು. ನಾನು ಹೋಗುವ ಹೊತ್ತಿಗೆ ಸಾಹೇಬರು ಗೂಡು ಸುರಿಯುವ ಜಾಲರಿ ತೊಟ್ಟಿಯ ಅಂಚಿನ ಮೇಲೆ ಕೂತಿದ್ದರು. “ರೇಷ್ಮೆ ಬೆಳೆಯೋರ್ನ ನಂಬಬ್ಯಾಡ ಮಗಾ ಅಂತ ಹೇಳೇ ಕಳ್ಸಿದ್ದೆ” ಎಂದರು. ಅಕ್ಕ, “ನಾವೂ ನಮ್ ಮಕ್ಳಿಗೆ ನಿಮ್ಮನ್ನ ಹಂಗೇ ಅನ್ನೋದು ಸಾಬ್ರೇ” ಎಂದಳು. ಸಾಹೇಬರು ಟೀ ತರಿಸಿದರು. ನನಗೂ ಕೊಟ್ಟರು, ಆದರೆ ನನ್ನ ಮುಖ ನೋಡಲಿಲ್ಲ.

ದೂರು ವಾಪಸು ಪಡೆಯುತ್ತೇನೆ, ಆ ಮನುಷ್ಯ ಪೆಟ್ಟಿಗೆ ಕೇಳಿದ್ದು ನಿಜ, ಕೊಡದಿದ್ದವನು ನಾನು, ಅವನನ್ನು ಮತ್ತೆ ಕೆಲಸಕ್ಕೆ ಕರೆಯಿರಿ ಎಂದು ಮುಂಬಯಿಗೆ ಬರೆದು ರಿಜಿಸ್ಟರ್ ಮಾಡಿಸಿದ್ದೇನೆ. ನಂಬುತ್ತಾರೋ ಇಲ್ಲವೋ. ನೀವು ನಮ್ಮನ್ನು ನಂಬಿ ಕೆಟ್ಟಿರಿ, ಅದು ನನ್ನನ್ನು ತಿನ್ನುತ್ತಿದೆ.

ಇನ್ನೊಂದು ವಿಷಯ. ಕಾರ್ತಿಕಕ್ಕೆ ಅಕ್ಕ ಮತ್ತೆ ಬಿಳಿ ಗೂಡು ಬೆಳೆಯಬೇಕೆಂದಿದ್ದಾಳೆ. ಆಗ ಸೆಕೆ ಇರುವುದಿಲ್ಲ, ರೈಲಿನಲ್ಲೇ ಮೊಟ್ಟೆ ತರಬಹುದು. ನಾನು ಡೆಹರಾಡೂನಿಗೆ ಹೊರಡಲು ಸಿದ್ಧನಾದೆ. “ನೀನ್ ಬ್ಯಾಡ. ಆ ಮಗೀಗೆ ಕಾಗ್ದ ಹಾಕು. ಹೆಂಗೂ ಊರಿಗೆ ಬತ್ತನಂತಲ್ಲ, ಅವ್ನ ಕೈಲೇ ತರುಸ್ತೀನಿ” ಎಂದಳು. “ಮತ್ತೆ ನಾನು?” ಎಂದೆ. “ನೀನು ಒಳೀಕೆ ಬಾ, ಸೊಪ್ಪು ಹಾಕು, ಯಾರ್ ಬ್ಯಾಡ ಅಂದೋರು? ಪೆಟ್ಗೆ ಮಾತ್ರ ಇನ್ ನಿನ್ ಕೈಗೆ ಕೊಡಕಿಲ್ಲ” ಎಂದಳು. ನೋವಾಯಿತು, ಸುಳ್ಳು ಯಾಕೆ ಹೇಳಲಿ? ಆದರೂ ಅವಳು ಹೇಳಿದಂತೆ ಈ ಕಾಗದ ಬರೆಯಲು ಕೂತೆ.

ಬರುವ ದಿನ ತಿಳಿಸಿ. ಚನ್ನಪಟ್ಟಣ ಸ್ಟೇಷನ್ನಿಗೆ ನಾನೇ ಬರುತ್ತೇನೆ. ಪೆಟ್ಟಿಗೆ ನೀವೇ ಹಿಡಿದುಕೊಂಡಿರಿ, ನಿಮ್ಮ ಬ್ಯಾಗು ನಾನು ಹೊರುತ್ತೇನೆ.

ರಾಮಲಿಂಗಯ್ಯ